ಮುಟ್ಟದೆ ನೋಡುವ ಕ್ಯಾಮೆರಾ

ಬೀದಿಯವರೆಲ್ಲ ಅವಳನ್ನು ರೈಟಕ್ಕ ಎಂದೇ ಕರೆಯುತ್ತಿದ್ದರು. ಮದುವೆಯ ಗೋಜಿಗೆ ಹೋಗದೆ ಬಸ್ ಕಂಡಕ್ಟರ್ ಕೆಲಸದಲ್ಲೇ ತಲೆ ನರೆಸಿಕೊಂಡವಳು. ಅವಳು ಹಿಂದಿನ ಬಾಗಿಲಲ್ಲಿ ನಿಂತು "ರೈಟ್, ರೈಟ್" ಎಂದು ಕೂಗಿದರೆ ಪಕ್ಕದಲ್ಲಿ ನಿಂತ ಬಸ್ಸೂ ಹೊರಟುಬಿಡುತ್ತದೆ ಎಂದು ಡಿಪೋದ ಡ್ರೈವರುಗಳು ನಗುತ್ತಿದ್ದರು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಕಂಬಕ್ಕೆ ಸೊಂಟ ಆನಿಸಿ, ಎರಡೂ ಕೈ ಬಿಟ್ಟು ಟಿಕೆಟ್ ಹರಿಯುವುದು, ಚಿಲ್ಲರೆಯೇ ಇಲ್ಲ ಎಂದವನ ಜೇಬಿನಿಂದಲೇ ಚಿಲ್ಲರೆ ಹೊರಡಿಸುವುದು, ಹೆಂಗಸರ ಸೀಟಿನಲ್ಲಿ ಕಣ್ಣು ಮುಚ್ಚಿ ನಿದ್ದೆ ನಟಿಸುವ ಗಂಡಸರನ್ನು ಒಂದೇ ಮಾತಿಗೆ ಎಬ್ಬಿಸುವುದು, ಇದೆಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. ಆ ಕೆಲಸ ಅವಳಿಗೆ ಉಳಿಸಿಹೋದದ್ದು ಒಂದು ದೊಡ್ಡ ಗಂಟಲು ಮತ್ತು ಸಂಜೆಯಾದರೆ ಬಾತುಕೊಳ್ಳುವ ಕಾಲು.

ತಂಗಿಯ ಸ್ವಭಾವ ಪೂರಾ ಬೇರೆ. ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆಗೇ ಬಂದು, ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಪೆನ್ನು ಪುಸ್ತಕ ಮಾರುವ, ಜೆರಾಕ್ಸ್ ತೆಗೆದುಕೊಡುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದಳು. ಗಿರಾಕಿಯ ಎದುರೂ ತಗ್ಗಿದ ದನಿ. ಮೈಯಲ್ಲಿ ಏನು ಕೆಟ್ಟರೂ ಬಾಯಿ ಬಿಡುವವಳಲ್ಲ. ಜ್ವರ ಬಂದಿತ್ತು ಎನ್ನುವುದು ಅಕ್ಕನಿಗೆ ಜ್ವರ ಬಿಟ್ಟ ಮೇಲೆ ಗೊತ್ತಾಗುತ್ತಿತ್ತು.

ಅಂಥವಳಿಗೆ ಒಂದು ದಿನ ಸ್ನಾನ ಮಾಡುವಾಗ ಎದೆಯಲ್ಲಿ ಒಂದು ಗಂಟು ಕೈಗೆ ತಗುಲಿತು. ಯಾರಿಗೂ ಹೇಳಲಿಲ್ಲ. ಅದಾಗಿ ಕೆಲವು ವಾರಕ್ಕೆ ಬಡಾವಣೆಯ ಸಂಘದ ಸಭಾಭವನದ ಮುಂದೆ ಬ್ಯಾನರ್ ಬಿತ್ತು: "ಮುಟ್ಟುವುದಿಲ್ಲ, ಒತ್ತುವುದಿಲ್ಲ, ನೋವಿಲ್ಲ. ಎದೆಯ ಕ್ಯಾನ್ಸರ್ ಪತ್ತೆಗೆ ಹೊಸ ಕ್ಯಾಮೆರಾ." ರೈಟಕ್ಕ ಇನ್ನೂ ನೌಕರಿಯಲ್ಲಿದ್ದ ಕಾಲ ಅದು, ಮುಂಜಾನೆ ಹೋದರೆ ಸಂಜೆಗೇ ಮನೆ. ತಂಗಿ ಒಬ್ಬಳೇ ಹೋಗಿಬಂದಳು.

ತಣ್ಣಗಿನ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂರಿಸಿದರು. ಆಮೇಲೆ ದಪ್ಪ ಪರದೆಯ ಹಿಂದೆ ಕೈ ತಲೆಯ ಮೇಲಿಟ್ಟುಕೊಂಡು ನಿಲ್ಲಬೇಕು, ದೂರದಿಂದ ಕ್ಯಾಮೆರಾ ನೋಡುತ್ತದೆ. ಕ್ಯಾಮೆರಾ ಹಿಡಿದ ಹುಡುಗಿ ಮಾತುಮಾತಿಗೆ "ಅಮ್ಮಾ" ಎನ್ನುತ್ತಿದ್ದಳು. ಹೊರಗೆ ಬರುವಷ್ಟರಲ್ಲಿ ಚಿತ್ರ ಸಿದ್ಧವಾಗಿತ್ತು. ಉದ್ದಕ್ಕೂ ನೀಲಿ, ಹಸಿರು, ಅಂಚಿನಲ್ಲಿ ಒಂದಿಷ್ಟು ಹಳದಿ. "ಎಲ್ಲಾ ತಂಪಾಗಿದೆ ಅಮ್ಮಾ. ಮುಂದಿನ ವರ್ಷ ಮತ್ತೆ ಬನ್ನಿ," ಎಂದಳು ಹುಡುಗಿ. ತಂಗಿ ಆ ಚಿತ್ರವನ್ನು ಅಂಗಡಿಯ ಡ್ರಾಯರಿನಲ್ಲಿಟ್ಟಳು. ಗಂಟು ನೆನಪಾದಾಗಲೆಲ್ಲ ಡ್ರಾಯರ್ ಎಳೆದು ನೀಲಿ ಬಣ್ಣ ನೋಡುವಳು, ಮುಚ್ಚುವಳು.

ರೈಟಕ್ಕ ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೊದಲ ವಾರದಲ್ಲೇ ಅವಳ ಕಣ್ಣಿಗೆ ಬಿದ್ದದ್ದು ಅಂಗಡಿಯ ಷಟರ್. ತಂಗಿ ಅದನ್ನು ಎಡಗೈ ಒಂದರಲ್ಲೇ ಎತ್ತುತ್ತಿದ್ದಳು, ಹಲ್ಲು ಕಚ್ಚಿಕೊಂಡು.

"ಬಲಗೈಗೇನಾಯ್ತೇ?"

"ಏನಿಲ್ಲ ಅಕ್ಕ. ಉಳುಕು."

"ಉಳುಕಾದ್ರೆ ಕಂಕುಳಲ್ಲಿ ಯಾಕೆ ಹಿಡ್ಕೋತೀಯ? ತೋರ್ಸು."

ತಂಗಿ ತೋರಿಸಲಿಲ್ಲ. ಅಳಲು ಶುರುಮಾಡಿದಳು. ಅಷ್ಟರಿಂದಲೇ ರೈಟಕ್ಕನಿಗೆ ಅರ್ಥವಾಗಬೇಕಾದದ್ದೆಲ್ಲ ಅರ್ಥವಾಯಿತು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಸದಾ ನಿದ್ದೆಗೆಟ್ಟ ಕಣ್ಣಿನ ಹೆಂಗಸು. ಗಂಟನ್ನು ನೋಡಿದರು, ಕಂಕುಳನ್ನು ಒತ್ತಿ ನೋಡಿದರು, ಕೊನೆಗೆ ತಂಗಿ ಮಡಚಿ ತಂದಿದ್ದ ಬಣ್ಣದ ಚಿತ್ರವನ್ನು ಕೈಗೆ ತೆಗೆದುಕೊಂಡರು.

"ಇದು ಚರ್ಮದ ಬಿಸಿ ತೋರ್ಸುತ್ತೆ, ಅಷ್ಟೇ. ಇದನ್ನ ನೋಡಿ ಕ್ಯಾನ್ಸರ್ ಇದೆ, ಇಲ್ಲ ಅಂತ ಹೇಳಬಹುದು ಅನ್ನೋದು ಎಲ್ಲೂ ಸಾಬೀತಾಗಿಲ್ಲ. ಗಂಟು ಕೈಗೆ ಸಿಕ್ಕ ಮೇಲೆ ಇದನ್ನ ನಂಬಿ ಕೂರಬಾರದಿತ್ತು."

"ನಮಗೆ ಹೇಗೆ ಗೊತ್ತಾಗ್ಬೇಕು ಡಾಕ್ಟ್ರೇ?" ಎಂದಳು ರೈಟಕ್ಕ.

"ನಾನೂ ಅದನ್ನೇ ಕೇಳ್ತಾ ಇದೀನಿ," ಎಂದರು ಡಾಕ್ಟರಮ್ಮ.

ಮುಂದಿನದ್ದು ಅಂಥ ಮನೆಗಳಲ್ಲೆಲ್ಲ ನಡೆಯುವುದೇ. ಒಂದು ಎದೆ ಹೋಯಿತು. ಕೂದಲು ಹೋಗಿ, ತೆಳ್ಳಗೆ ಮತ್ತೆ ಬಂತು. ಬಲಗೈ ಬಾತುಕೊಂಡದ್ದು ಬಾತುಕೊಂಡೇ ಉಳಿಯಿತು, ದಿನಾ ಪಟ್ಟಿ ಸುತ್ತಬೇಕು, ನೀವಬೇಕು. ತಂಗಿ ಬದುಕಿದಳು. "ಬೇಗ ಬಂದಿದ್ರೆ ಇಷ್ಟೆಲ್ಲ ಬೇಕಾಗ್ತಿರಲಿಲ್ಲವೇನೋ" ಎಂದು ಡಾಕ್ಟರಮ್ಮ ಒಮ್ಮೆ ಹೇಳಿದ್ದನ್ನು ರೈಟಕ್ಕ ಮರೆಯಲಿಲ್ಲ.

ಮರುವರ್ಷ ಸಭಾಭವನದ ಮುಂದೆ ಅದೇ ಬ್ಯಾನರ್ ಮತ್ತೆ ಬಿದ್ದಾಗ ಅವಳು ನೆಟ್ಟಗೆ ಸಂಘದ ಕಾರ್ಯದರ್ಶಿಯ ಮನೆಗೆ ಹೋದಳು. ಕಾರ್ಯದರ್ಶಿ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು, ಕೆಟ್ಟ ಮನುಷ್ಯರಲ್ಲ. ಬೀದಿದೀಪ ಕೆಟ್ಟರೆ ತಾವೇ ಏಣಿ ಹಿಡಿಯುವವರು.

"ನೋಡಿ ರೈಟಕ್ಕ, ಆಸ್ಪತ್ರೆ ಮೆಟ್ಟಿಲೇ ಹತ್ತದ ಹೆಂಗಸ್ರೂ ಬಂದು ತೋರಿಸ್ಕೊಂಡು ಹೋದ್ರು. ಏನೂ ಇಲ್ಲದ್ದಕ್ಕಿಂತ ಏನೋ ಒಂದು ಆಯ್ತಲ್ಲ?"

"ಏನೂ ಇಲ್ದಿದ್ರೆ ನನ್ನ ತಂಗಿ ಭಯಕ್ಕಾದ್ರೂ ಡಾಕ್ಟರ ಹತ್ರ ಹೋಗ್ತಿದ್ಲು ಮೇಷ್ಟ್ರೇ. ನಿಮ್ಮ ಚಿತ್ರ ಭಯಾನ ತೆಗೀತು. ಗಂಟು ಹಾಗೇ ಉಳೀತು."

ಮೇಷ್ಟ್ರಿಗೆ ನೋವಾಯಿತು. ನೋವಾದವರು ಹೇಳುವುದನ್ನೇ ಹೇಳಿದರು: "ನಾವು ಒಳ್ಳೇದಕ್ಕೇ ಮಾಡಿದ್ದು." ಮುಂದಿನ ಭಾನುವಾರ ಸಂಘದ ಸಭೆಯಲ್ಲಿ ಅವಳು ಎದ್ದು ನಿಂತು ಇದನ್ನೇ ಮತ್ತೆ ಎತ್ತಿದಾಗ ಅವರು, "ಹೆಸರು ರೈಟಕ್ಕ, ಹೇಳೋದೆಲ್ಲ ರಾಂಗು," ಎಂದರು. ಸಭೆಯೆಲ್ಲ ನಕ್ಕಿತು. ಮಾತು ಚೆನ್ನಾಗಿತ್ತು, ಅವಳೂ ನಕ್ಕಳು. ಮನೆಗೆ ಬಂದು ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತಾಗ ಮಾತ್ರ ನಗು ಬರಲಿಲ್ಲ.

ಆರೋಗ್ಯ ಇಲಾಖೆಯ ಕಚೇರಿಗೂ ಹೋದಳು. ಇವರು ಅವರತ್ತ ಕೈ ತೋರಿಸಿದರು, ಅವರು ಮಹಡಿಯತ್ತ. ಮಹಡಿಯ ಅಧಿಕಾರಿ ಊಟಕ್ಕೆ ಹೋಗಿದ್ದರೆ, ಮೀಟಿಂಗಿಗೆ ಹೋಗಿದ್ದರೆ, ರಜೆಯಲ್ಲಿದ್ದರೆ ಹೊರಗಿನ ಬೆಂಚಿನಲ್ಲಿ ಕೂರಬೇಕು. ಆ ಬೆಂಚಿನಲ್ಲಿ ಮೊಳೆ ಎಲ್ಲೆಲ್ಲಿ ಎದ್ದಿದೆ ಎಂದು ಅವಳ ಸೊಂಟಕ್ಕೆ ಬಾಯಿಪಾಠವಾಯಿತು. ಕೊನೆಗೊಮ್ಮೆ ಅಧಿಕಾರಿ ಸಿಕ್ಕರು.

"ಔಷಧಿ ಆಗಿದ್ರೆ ಹಿಡೀಬಹುದಿತ್ತಮ್ಮ. ಇದು ಕ್ಯಾಮೆರಾ. ಕ್ಯಾಮೆರಾ ಇಟ್ಕೊಳ್ಳೋದು ತಪ್ಪಲ್ಲ."

"ಕ್ಯಾನ್ಸರ್ ಇಲ್ಲ ಅಂತ ಹೇಳಿ ಕಳಿಸೋದು?"

ಅಧಿಕಾರಿ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಎಲ್ಲಿ ಹೇಳಿದಾರೆ? ಇಲ್ಲಿ 'ತಂಪಾಗಿದೆ' ಅಂತ ಬರೆದಿದಾರೆ. ತಂಪಾಗಿದೆ ಅಂದ್ರೆ ತಂಪಾಗಿದೆ."

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅಷ್ಟು ನಯವಾಗಿ ಅವರು ಹೇಳಿದರು. ಆದರೂ ಅವಳು ತಂಗಿಯ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿದ ದೂರನ್ನು ಅಲ್ಲಿ ಕೊಟ್ಟಳು, ಠಸ್ಸೆ ಹಾಕಿಸಿಕೊಂಡಳು. ತಿಂಗಳಿಗೊಮ್ಮೆ ಹೋಗಿ ಆ ದೂರು ಏನಾಯಿತು ಎಂದು ಕೇಳುವುದು ಅವಳ ಬದುಕಿನ ಒಂದು ಭಾಗವೇ ಆಗಿಹೋಯಿತು. ಬಾಗಿಲ ಬಳಿಯ ಜವಾನ, "ಬಂದ್ರಾ? ಕೂತ್ಕೊಳ್ಳಿ," ಎನ್ನುವಷ್ಟು ಪರಿಚಯ.

ಶಿಬಿರದ ದಿನ ಸಭಾಭವನದ ಗೇಟಿನಲ್ಲಿ ನಿಂತಳು. ಕೂಗುವುದೊಂದೇ ಅವಳಿಗೆ ಗೊತ್ತಿದ್ದ ವಿದ್ಯೆ. "ಗಂಟು ಕೈಗೆ ಸಿಗ್ತಿದ್ರೆ ಇಲ್ಲಿ ನಿಲ್ಬೇಡಿ, ಡಾಕ್ಟರ ಹತ್ರ ಹೋಗಿ! ನನ್ನ ತಂಗಿಗೂ ನೀಲಿ ಚಿತ್ರಾನೇ ಕೊಟ್ಟಿದ್ರು!" ಕೆಲವರು ನಿಂತು ಕೇಳಿದರು. ಹೆಚ್ಚಿನವರು ಮುಖ ತಿರುಗಿಸಿ ಒಳಗೆ ಹೋದರು. ಒಬ್ಬಳಂತೂ ಕೇಳಿಸುವ ಹಾಗೇ ಹೇಳಿದಳು, "ಆಸ್ಪತ್ರೆಯವ್ರು ಕಮಿಷನ್ ಕೊಡ್ತಾರಂತೆ ಈಕೆಗೆ." ಬಿಸಿಲೇರುತ್ತಿದ್ದಂತೆ ಕ್ಯಾಮೆರಾದ ಹುಡುಗಿ ಹೊರಗೆ ಬಂದು ಒಂದು ಲೋಟ ನೀರು ಕೊಟ್ಟಳು.

"ಗಂಟಲು ಒಣಗುತ್ತೆ ಅಮ್ಮಾ."

"ನೀನು ಹೇಳೋದು ಸುಳ್ಳು ಅಂತ ನಿನಗೆ ಗೊತ್ತೇನಮ್ಮ?"

"ನನಗೆ ಕಲಿಸಿಕೊಟ್ಟಷ್ಟು ಹೇಳ್ತೀನಿ. ಅದರ ಆಚೆ ನನಗೆ ಗೊತ್ತಿಲ್ಲ."

ಬಾಯಿಗೆ ಬಂದ ಬೈಗುಳವನ್ನು ರೈಟಕ್ಕ ನೀರಿನ ಜೊತೆ ನುಂಗಿದಳು. ಮಗಳ ವಯಸ್ಸಿನ ಹುಡುಗಿ, ನೀರು ಬೇರೆ ತಂದುಕೊಟ್ಟಿದ್ದಾಳೆ.

ಆ ಸಂಜೆ ತಂಗಿ ಊಟಕ್ಕೆ ಏಳಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

"ಏನಾಯ್ತೇ?"

"ಪೆನ್ಸಿಲ್ ತಗೊಳ್ಳೋಕೆ ಒಬ್ಳು ಬಂದಿದ್ಲು ಅಕ್ಕ. ನನ್ನ ಮುಖ ನೋಡ್ಲಿಲ್ಲ. ಎಲ್ಲಿ ನೋಡಿದ್ಲು ಗೊತ್ತಾ?"

ತಂಗಿ ಎದ್ದು ಕೂತು ಸೆರಗು ಎಳೆದುಕೊಂಡಳು.

"ನೀನು ಗೇಟಲ್ಲಿ ನಿಂತು ಕೂಗೋದು ಯಾರ ಮೈ ವಿಷಯ? ನನ್ನನ್ನ ಒಂದು ಮಾತು ಕೇಳಿದ್ಯಾ? ನನ್ನ ಮೈ ನಿನ್ನ ಬಸ್ಸಲ್ಲ ಅಕ್ಕ, ಕಂಡಕಂಡವರನ್ನೆಲ್ಲ ಹತ್ತಿಸ್ಕೊಳ್ಳೋಕೆ."

ಅಂದಿನಿಂದ ಅವಳು ತಂಗಿಯ ಕಥೆ ಹೇಳುವುದನ್ನು ಬಿಟ್ಟಳು. ಕಥೆ ಬಿಟ್ಟ ಮೇಲೆ ಅವಳ ಮಾತು ಸಪ್ಪೆಯಾಯಿತು. ಸಾಬೀತಾಗಿಲ್ಲ, ಪುರಾವೆಯಿಲ್ಲ, ಡಾಕ್ಟರಿಗೆ ತೋರಿಸಿ ಎಂದರೆ ಯಾರಿಗೆ ನಾಟುತ್ತದೆ? ಪಕ್ಕದ ಬ್ಯಾನರಿನಲ್ಲಿ ನಗುಮುಖದ ಹೆಂಗಸಿನ ದೊಡ್ಡ ಚಿತ್ರವಿತ್ತು. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು ಅವಳ ಕೂಗು.

ಅವಳ ಮಾತು ನಿಜವಾಗಿ ಕೇಳಿದವಳು ಎಂದರೆ ತಿರುವಿನಲ್ಲಿದ್ದ ಹೊಲಿಗೆ ಅಂಗಡಿಯವಳು. ಗಂಟೇನೂ ಇರಲಿಲ್ಲ. ವಯಸ್ಸಾಯಿತಲ್ಲ, ಕ್ಯಾಮೆರಾ ಬದಲು ಸರಿಯಾದ ಪರೀಕ್ಷೆಯೇ ಆಗಲಿ ಎಂದು ಆಸ್ಪತ್ರೆಗೆ ಹೋಗಿ ಎದೆಯ ಎಕ್ಸ್‌ರೇ, ಅವರು ಮ್ಯಾಮೋಗ್ರಾಂ ಎನ್ನುತ್ತಾರಲ್ಲ, ಅದನ್ನು ಮಾಡಿಸಿಕೊಂಡಳು. ಅದರಲ್ಲಿ ಏನೋ ನೆರಳು ಕಂಡಿತು. ಮತ್ತೊಂದು ಎಕ್ಸ್‌ರೇ, ಸೂಜಿ ಚುಚ್ಚಿ ತುಣುಕು ತೆಗೆಯುವುದು, ರಿಪೋರ್ಟಿಗೆ ಕಾಯುವುದು. ಅಷ್ಟು ದಿನ ಅವಳ ಮಷಿನ್ನು ತಿರುಗಲಿಲ್ಲ. ಕೊನೆಗೆ ಏನೂ ಇಲ್ಲ ಎಂದು ಬಂತು. ಅವಳು ಖುಷಿಯಿಂದ ಬಂದಾಳು ಎಂದುಕೊಂಡಿದ್ದರೆ, ಬಂದದ್ದು ಜಗಳಕ್ಕೆ.

"ನಿಮ್ಮ ಮಾತು ಕೇಳಿ ಸತ್ತು ಬದುಕಿದೆ ರೈಟಕ್ಕ. ಮಕ್ಕಳಿಗೆ ಏನೇನು ಹೇಳ್ಬೇಕು ಅಂತೆಲ್ಲ ಮನಸ್ಸಲ್ಲೇ ಬರೆದಿಟ್ಕೊಂಡಿದ್ದೆ. ಆ ಕ್ಯಾಮೆರಾದವ್ರ ಹತ್ರ ಹೋಗಿದ್ರೆ ಆರಾಮಾಗಿ ಇರ್ತಿದ್ದೆ."

ಮುಂದಿನ ಸಲ ತಂಗಿಯನ್ನು ತೋರಿಸಲು ಹೋದಾಗ ರೈಟಕ್ಕ ಡಾಕ್ಟರಮ್ಮನನ್ನೇ ಕೇಳಿದಳು, ಹೀಗೂ ಆಗುತ್ತದೆಯೇ ಎಂದು.

"ಹೌದು, ಹಾಗೂ ಆಗುತ್ತೆ," ಎಂದರು ಡಾಕ್ಟರಮ್ಮ, ಕಣ್ಣು ಉಜ್ಜಿಕೊಳ್ಳುತ್ತ. "ನಮ್ಮ ಯಂತ್ರಾನೂ ತಪ್ಪುತ್ತೆ. ಎಷ್ಟು ಸಲ ತಪ್ಪುತ್ತೆ ಅಂತ ನಮಗೆ ಗೊತ್ತು, ಯಾಕಂದ್ರೆ ವರ್ಷಗಟ್ಟಲೆ ಲೆಕ್ಕ ಇಟ್ಟಿದಾರೆ. ಅವರ ಕ್ಯಾಮೆರಾ ಎಷ್ಟು ತಪ್ಪುತ್ತೆ ಅಂತ ಅವರಿಗೇ ಗೊತ್ತಿಲ್ಲ. ವ್ಯತ್ಯಾಸ ಅಷ್ಟೇ."

ಆ ವ್ಯತ್ಯಾಸ ಅವಳಿಗೆ ಚೆನ್ನಾಗಿ ಅರ್ಥವಾಯಿತು. ಗೇಟಿನಲ್ಲಿ ನಿಂತು ಅದನ್ನು ಕೂಗಿ ಹೇಳುವುದು ಹೇಗೆಂದು ಮಾತ್ರ ಹೊಳೆಯಲಿಲ್ಲ. ಹೊಲಿಗೆಯವಳು ಅವಳನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಯಲ್ಲಿ ಹೋಗತೊಡಗಿದಳು.

ಇನ್ನು ಸಾಕು ಎಂದು ಅವಳಿಗೆ ಆ ದಿನಗಳಲ್ಲೇ ಅನ್ನಿಸಿದ್ದು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ತಂಗಿಯ ಬಾತ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳ ತುದಿಯಿಂದ ಭುಜದ ಕಡೆಗೆ ಮೆಲ್ಲಗೆ ನೀವುತ್ತ, "ನಾಳೆಯಿಂದ ಎಲ್ಲೂ ಹೋಗಲ್ಲ ಕಣೇ. ಯಾರಾದ್ರೂ ಏನಾದ್ರೂ ಮಾಡ್ಕೊಳ್ಳಲಿ," ಎಂದಳು.

ತಂಗಿ ಎಡಗೈಯಿಂದ ಡ್ರಾಯರ್ ಎಳೆದು ಮುಚ್ಚಿದಳು. ಆಮೇಲೆ ಎಂದಳು, "ಅಕ್ಕ, ನೀನು ಒಂದು ತಪ್ಪು ತಿಳ್ಕೊಂಡಿದೀಯ. ಅವ್ರು ನನಗೆ ಮೋಸ ಮಾಡಿದ್ರು ಅಂತೀಯ. ನಾನು ಮೋಸ ಹೋಗ್ಬೇಕು ಅಂತಾನೇ ಅಲ್ಲಿಗೆ ಹೋಗಿದ್ದು."

"ಏನಂದೆ?"

"ಗಂಟು ಸಿಕ್ಕಿದ ವಾರಾನೇ ನಾನು ಇದೇ ದೊಡ್ಡಾಸ್ಪತ್ರೆಗೆ ಒಬ್ಳೇ ಹೋಗಿದ್ದೆ. ನಿನಗೆ ಹೇಳ್ಲಿಲ್ಲ. ಕೆಳಗಿನ ಪರೀಕ್ಷೆ ಕೋಣೆ ಬಾಗಿಲಿಗೆ ಚಿಲಕಾನೂ ಇಲ್ಲ, ಪರದೆನೂ ಇಲ್ಲ. ನರ್ಸು 'ಬೇಗ ಬೇಗ ಬಟ್ಟೆ ಬಿಚ್ಚಿ, ಹಿಂದೆ ಜನ ಇದಾರೆ' ಅಂದ್ಲು. ಹೊರಗಿಂದ ಒಬ್ಬ ಗಾಡಿ ತಳ್ಕೊಂಡು ಹೋಗ್ತಾ ಒಳಗೆ ನೋಡ್ದ. ಗುಂಡಿ ಹಾಕ್ಕೊಂಡು ಬಂದುಬಿಟ್ಟೆ." ಅವಳು ಕೈ ಹಿಂದಕ್ಕೆಳೆದುಕೊಂಡಳು. "ಈ ಸಭಾಭವನದಲ್ಲಿ ಪರದೆ ಇತ್ತು ಅಕ್ಕ. ಅಮ್ಮಾ ಅಂತಿದ್ರು. ಗಂಟಿದೆ ಅಂತ ನಾನು ಅವ್ರಿಗೂ ಹೇಳ್ಲಿಲ್ಲ. ಏನೂ ಇಲ್ಲ ಅಂತ ಯಾರಾದ್ರೂ ಮರ್ಯಾದೆಯಿಂದ ಹೇಳಿದ್ರೆ ಸಾಕಾಗಿತ್ತು ನನಗೆ."

"ನನಗ್ಯಾಕೆ ಹೇಳ್ಲಿಲ್ಲ?"

"ನಿನ್ನ ಗಂಟಲಿಗೆ ಹೆದರಿ."

ತಂಗಿ ಅದನ್ನು ನಗುತ್ತಲೇ ಹೇಳಿದಳು. ರೈಟಕ್ಕನಿಗೆ ನಗಲೂ ಆಗಲಿಲ್ಲ, ಸಿಟ್ಟಾಗಲೂ ಆಗಲಿಲ್ಲ. ಮತ್ತೆ ಆ ಕೈಯನ್ನು ಎಳೆದುಕೊಂಡು ನೀವತೊಡಗಿದಳು. ತನ್ನ ಹೋರಾಟದ ಅರ್ಧ ಭಾಗವನ್ನು ತಾನು ಮುಟ್ಟಿಯೇ ಇರಲಿಲ್ಲ ಎಂದು ಅವಳಿಗೆ ತಿಳಿಯಿತು. ತಿಳಿದದ್ದರಿಂದ ಹುರುಪೇನೂ ಬರಲಿಲ್ಲ. ಹೊತ್ತ ಮೂಟೆಯ ಮೇಲೆ ಇನ್ನೊಂದು ಮೂಟೆ ಇಟ್ಟ ಹಾಗಾಯಿತು, ಅಷ್ಟೇ.

ಮಾರನೆಯ ದಿನ ದೊಡ್ಡಾಸ್ಪತ್ರೆಗೆ ಹೋದಳು, ಆ ನರ್ಸನ್ನು ಹಿಡಿದು ಚಳಿ ಬಿಡಿಸಬೇಕೆಂದೇ. ಕಂಡಳು. ಉದ್ದ ಮೊಗಸಾಲೆಗೆಲ್ಲ ಒಬ್ಬಳೇ ನರ್ಸು, ಎರಡು ಕಡೆಯಿಂದ ಕರೆಯುವ ಜನ. ಗೋಡೆಗೆ ಒರಗಿ ಒಂದು ಕ್ಷಣ ಚಪ್ಪಲಿಯಿಂದ ಕಾಲು ಹೊರಗೆ ತೆಗೆದು ಬೆರಳು ಆಡಿಸಿಕೊಳ್ಳುತ್ತಿದ್ದಳು. ಪಾದ ಬಾತು, ಚಪ್ಪಲಿಯ ಪಟ್ಟಿಯ ಗುರುತು ಕೆಂಪಗೆ ಬಿದ್ದಿತ್ತು. ರೈಟಕ್ಕ ಬಂದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯದೆ ನಿಂತಳು. ಕೊನೆಗೆ ಕೇಳಿದ್ದು ಇಷ್ಟೇ:

"ಆ ಬಾಗಿಲಿಗೊಂದು ಪರದೆ ಯಾಕಿಲ್ಲಮ್ಮ?"

"ನಾನೂ ಕೇಳಿ ಕೇಳಿ ಸಾಕಾಗಿದೆ. ನೀವು ಕೇಳಿ ನೋಡಿ, ಹೊರಗಿನವ್ರು ಕೇಳಿದ್ರೆ ಕೊಟ್ಟಾರು."

ಕೇಳಿದಳು. ಆಸ್ಪತ್ರೆಯ ಸೂಪರಿಂಟೆಂಡೆಂಟರು ಬೇಡಿಕೆ ಬರೆದು ಮೇಲಕ್ಕೆ ಕಳಿಸಬೇಕು ಎಂದರು. ಮೇಲಿನವರು ಕೆಳಗಿನಿಂದ ಬಂದೇ ಇಲ್ಲ ಎಂದರು. ಅಂತೂ ಪರದೆ ಬಂತು. ಕಂಬಿ ಸಡಿಲವಾಗಿ ಒಂದು ಕಡೆ ಜೋತುಬಿತ್ತು, ಅದನ್ನು ಸರಿಮಾಡಿಸಲು ಮತ್ತೊಂದು ಸುತ್ತು. ಚಿಲಕ ಕೊನೆಗೂ ಬರಲಿಲ್ಲ. ಹಾಗಾಗಿ ಹೆಂಗಸರನ್ನು ತಾನೇ ಕರೆದುಕೊಂಡು ಹೋಗಿ, ಅವರು ಒಳಗಿರುವಷ್ಟು ಹೊತ್ತು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲತೊಡಗಿದಳು. ಗಾಡಿ ತಳ್ಳುವವನು ಆ ಕಡೆ ಬಂದರೆ ಅವಳ ಮುಖ ನೋಡಿಯೇ ತಲೆ ತಗ್ಗಿಸಿ ಹೋಗುತ್ತಿದ್ದ. ಕೂಗಬೇಕಾದ ಪ್ರಸಂಗ ಬರಲಿಲ್ಲ.

ಅವಳು ಕೊಟ್ಟ ದೂರಿಗೂ ಒಂದು ದಿನ ಗತಿ ಕಂಡಿತು. ಬೇರೆ ಊರುಗಳಿಂದಲೂ ಅಂಥವೇ ದೂರು ಬಂದಿದ್ದವಂತೆ. ಈ ಚಿತ್ರ ಬೇರೆ ಪರೀಕ್ಷೆಗಳಿಗೆ ಬದಲಿಯಲ್ಲ ಎಂದು ಕ್ಯಾಮೆರಾದವರು ಅಚ್ಚು ಹಾಕಬೇಕು, 'ಪತ್ತೆ' ಎಂಬ ಪದ ಬಳಸಕೂಡದು ಎಂದು ಇಲಾಖೆಯ ಆದೇಶ. ಅಷ್ಟು ವರ್ಷದ ಓಡಾಟಕ್ಕೆ ಗುಡ್ಡ ಅಗೆದು ಇಲಿ ಹಿಡಿದ ಹಾಗೆ. ಮುಂದಿನ ಶಿಬಿರದ ಬ್ಯಾನರಿನಲ್ಲಿ 'ಪತ್ತೆ' ಹೋಗಿ 'ಅರಿವು' ಬಂದಿತ್ತು. ಕಂಪನಿಯ ಹೆಸರೂ ಬದಲಾಗಿತ್ತು. ಕ್ಯಾಮೆರಾ ಅದೇ, ಹುಡುಗಿಯೂ ಅವಳೇ.

ಮೇಷ್ಟ್ರು ಅವಳನ್ನು ಕರೆದು ಬ್ಯಾನರಿನ ಕೆಳತುದಿ ತೋರಿಸಿದರು. "ನೋಡಿ, ನಿಮ್ಮ ಮಾತು ಹಾಕಿಸಿದೀವಿ."

"ಎಲ್ಲಿ ಮೇಷ್ಟ್ರೇ? ಇರುವೆ ಸಾಲು ಕಾಣ್ತಿದೆ."

ಮೇಷ್ಟ್ರು ಬಗ್ಗಿ ನೋಡಿದರು, ಅವರಿಗೂ ಓದಲಾಗಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದವರು ಒಂದು ಕುರ್ಚಿ ಹೊತ್ತುಕೊಂಡು ಬಂದು ಗೇಟಿನ ನೆರಳಿನಲ್ಲಿಟ್ಟರು.

"ನಿಮಗೂ ವಯಸ್ಸಾಯ್ತು, ನನಗೂ ಆಯ್ತು. ಕೂತ್ಕೊಂಡೇ ಬೈಯಿರಿ."

ಅವಳು ಕೂತಳು. ಗಂಟಲು ಮೊದಲಿನಂತಿರಲಿಲ್ಲ. ಹೋಗುವವರಿಗೆಲ್ಲ ಒಂದೇ ಮಾತು, ಮೆಲುದನಿಯಲ್ಲಿ: "ಗಂಟಿದ್ರೆ ನನಗೆ ಹೇಳಿ. ಜೊತೆಗೆ ಬರ್ತೀನಿ." ಬೆಳಗಿನಿಂದ ಮಧ್ಯಾಹ್ನದವರೆಗೆ ಒಬ್ಬರೂ ಹೇಳಲಿಲ್ಲ. ಎದ್ದು ಹೊರಡಬೇಕು ಎನ್ನುವಾಗ ಕ್ಯಾಮೆರಾದ ಹುಡುಗಿ ಒಬ್ಬ ಹೆಂಗಸನ್ನು ಕೈ ಹಿಡಿದು ಹೊರಗೆ ಕರೆತಂದಳು. ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ, "ಅಮ್ಮಾ, ಇವ್ರಿಗೆ ಗಂಟಿದೆ. ಚಿತ್ರ ನೀಲಿ ಬಂದಿದೆ. ಆದ್ರೂ ನೀವು ಒಂದ್ಸಲ ಕರ್ಕೊಂಡು ಹೋಗಿ," ಎಂದು ಹೇಳಿ, ಉತ್ತರಕ್ಕೂ ಕಾಯದೆ ಒಳಗೆ ಓಡಿದಳು.

ಇಬ್ಬರೂ ಆಸ್ಪತ್ರೆಗೆ ಹೊರಟರು. ದಾರಿಯಲ್ಲಿ ಹೆಂಗಸು ಕೇಳಿದಳು, "ನೋವಾಗುತ್ತಾ?"

"ಆಗುತ್ತೆ. ಒತ್ತುವಾಗ ಸ್ವಲ್ಪ."

"ಬೈತಾರಾ?"

"ಬೈದ್ರೂ ಬೈಬಹುದು. ಅವ್ರಿಗೂ ಸಾಕಾಗಿರುತ್ತೆ."

"ಏನಾದ್ರೂ ಇದ್ರೆ?"

"ಇದ್ರೆ ನೋಡೋಣ. ಮೊದ್ಲು ಗೊತ್ತಾಗ್ಲಿ."

ಮೊಗಸಾಲೆಯಲ್ಲಿ ಸರದಿ ಉದ್ದವಿತ್ತು. ಹೆಂಗಸಿನ ಹೆಸರು ಕೂಗಿದಾಗ ಅವಳು ತನ್ನ ಚೀಲವನ್ನು ರೈಟಕ್ಕನ ಕೈಗೆ ಕೊಟ್ಟು ಒಳಗೆ ಹೋದಳು. ಹಾದುಹೋಗುತ್ತಿದ್ದ ಡಾಕ್ಟರಮ್ಮ ಒಂದು ಗಳಿಗೆ ನಿಂತರು. "ಮತ್ತೆ ಬಂದ್ರಾ?"

"ಬಂದೆ."

ಡಾಕ್ಟರಮ್ಮ ತಲೆಯಾಡಿಸಿ ಮುಂದೆ ಹೋದರು. ರೈಟಕ್ಕನ ಮೊಬೈಲು ಗುಂಯ್‌ಗುಟ್ಟಿತು. ತಂಗಿ.

"ಎಲ್ಲಿದೀಯಾ ಅಕ್ಕ? ಊಟ ಆರಿಹೋಗ್ತಿದೆ."

"ನೀನು ಉಂಡುಬಿಡು. ನಂದು ಹೊತ್ತಾಗುತ್ತೆ," ಎಂದಳು ರೈಟಕ್ಕ. ಬಾಗಿಲಿಗೆ ಬೆನ್ನು ಕೊಟ್ಟು ನಿಂತೇ ಇದ್ದಳು.